ಅಜೈಲ್ ಅಂದ್ರೇನು, ಅದು ನಮ್ಮ ಆಫೀಸಿನ ರೂಢಿಗೆ ಒಗ್ಗುತ್ತಾ?

2020ರ ಕೊರೊನಾ ಕಾಲದಲ್ಲಿ ಬೆಂಗಳೂರಿನಿಂದ ಲ್ಯಾಪ್‌ಟಾಪ್ ಹಿಡಿದು ಊರಿಗೆ ಬಂದವರೆಲ್ಲ ವಾಪಸ್ ಹೋಗಲಿಲ್ಲ. ದಾವಣಗೆರೆಯ ವಿದ್ಯಾನಗರ, ಎಂಸಿಸಿ ಬಿ ಬ್ಲಾಕ್ ಕಡೆಯ ಎಷ್ಟೋ ಮನೆಗಳಲ್ಲಿ ಈಗಲೂ ಒಂದು ರೂಮು ಆಫೀಸೇ. ತಟ್ಟೆಯಲ್ಲಿ ತಿಂಡಿ ಆರುತ್ತಿದ್ದರೂ 'ಸ್ಟ್ಯಾಂಡಪ್ ಇದೆ ಅಮ್ಮಾ, ಆಮೇಲೆ ತಿಂತೀನಿ' ಎಂಬ ಮಾತು ಕೇಳಿಸುತ್ತದೆ. ಸ್ಪ್ರಿಂಟು, ಬ್ಯಾಕ್‌ಲಾಗು, ಸ್ಕ್ರಮ್ಮು ಅಡುಗೆಮನೆಗೂ ಬಂದಿವೆ. ಇವೆಲ್ಲ ಅಜೈಲ್ ಎಂಬ, ಸಾಫ್ಟ್‌ವೇರನ್ನು ಸ್ವಲ್ಪ ಸ್ವಲ್ಪವಾಗಿ ಮಾಡಿ ತೋರಿಸುತ್ತಾ ಹೋಗುವ ಪದ್ಧತಿಯ ಮಾತುಗಳು. ಇತ್ತ ಊರಲ್ಲೇ ಇರುವ ಸಣ್ಣ ಸಾಫ್ಟ್‌ವೇರ್ ಕಂಪನಿಗಳು, ಅಪ್ಪನ ಅಂಗಡಿ-ಮಿಲ್ಲು ನೋಡಿಕೊಳ್ಳಲು ಬಂದ ಮಕ್ಕಳು, 'ನಾವೂ ಅಜೈಲ್ ಆಗೋಣ' ಅಂತ ಹೊರಟಿದ್ದಾರೆ. ಎಂಜಿನಿಯರಿಂಗ್ ಕಾಲೇಜುಗಳಾದ ದಾವಣಗೆರೆಯ ಬಿಐಇಟಿ, ಯುಬಿಡಿಟಿ, ಚಿತ್ರದುರ್ಗದ ಎಸ್‌ಜೆಎಂಐಟಿಯಲ್ಲಿ ಓದುವವರು ಇಂಟರ್‌ವ್ಯೂಗೆ ಅಂತ ಇದರ ಅರ್ಥವನ್ನು ಬಾಯಿಪಾಠ ಮಾಡುತ್ತಿದ್ದಾರೆ.

ಬಾಯಿಪಾಠ ಸುಲಭ. ಇದೇ ಪದ್ಧತಿ ಒಂದು ಕಂಪನಿಯಲ್ಲಿ ಚೆನ್ನಾಗಿ ನಡೆಯುತ್ತದೆ, ಪಕ್ಕದ ಬಿಲ್ಡಿಂಗಿನಲ್ಲಿ ಕೆಲವೇ ತಿಂಗಳಿಗೆ ಹೆಸರಿಗಷ್ಟೇ ಉಳಿಯುತ್ತದೆ, ಯಾಕೆ? ಇದನ್ನು ಅರ್ಥ ಮಾಡಿಕೊಳ್ಳಲು ಪದ್ಧತಿಯ ಜೊತೆಗೆ ಆಫೀಸಿನ ಹಳೇ ರೂಢಿಯನ್ನೂ ನೋಡಬೇಕು. ಬುಡದಿಂದಲೇ ಶುರು ಮಾಡೋಣ.

## ಮೊದಲು ಹೇಗೆ ನಡೆಯುತ್ತಿತ್ತು

ಸಾಫ್ಟ್‌ವೇರ್ ಮಾಡಿಸುವ ಹಳೇ ಕ್ರಮ ಹೀಗಿತ್ತು. ಗಿರಾಕಿಗೆ ಏನೇನು ಬೇಕು ಅಂತ ಪೂರ್ತಿ ಕೇಳಿ ಬರೆದುಕೊಳ್ಳುವುದು. ಅದಕ್ಕೆ ಸಹಿ ಹಾಕಿಸಿಕೊಳ್ಳುವುದು. ಆಮೇಲೆ ನಕ್ಷೆ, ಆಮೇಲೆ ಕೋಡ್, ಆಮೇಲೆ ಪರೀಕ್ಷೆ, ಎಲ್ಲ ಮುಗಿದ ಮೇಲೆ ಗಿರಾಕಿಯ ಕೈಗೆ. ಒಂದು ಹಂತ ಮುಗಿದರೇ ಇನ್ನೊಂದು. ಇದಕ್ಕೆ ವಾಟರ್‌ಫಾಲ್ ಅನ್ನುತ್ತಾರೆ. 1970ರಲ್ಲಿ ವಿನ್‌ಸ್ಟನ್ ರಾಯ್ಸ್ ಎಂಬ ಅಮೆರಿಕದ ಎಂಜಿನಿಯರ್ ಬರೆದ ಪ್ರಬಂಧದಲ್ಲಿ ಈ ಮೆಟ್ಟಿಲುಗಳ ಚಿತ್ರ ಇತ್ತು. ತಮಾಷೆ ಏನಂದ್ರೆ, ಹೀಗೆ ಒಂದೇ ದಿಕ್ಕಿನಲ್ಲಿ ಹೋದರೆ ಅಪಾಯ ಅಂತ ಅದೇ ಪ್ರಬಂಧದಲ್ಲಿ ರಾಯ್ಸ್ ಎಚ್ಚರಿಸಿದ್ದರು. ಜನ ಚಿತ್ರ ಇಟ್ಟುಕೊಂಡರು, ಎಚ್ಚರಿಕೆ ಬಿಟ್ಟರು.

ಅಪಾಯ ಎಂಥದ್ದು ಅಂದ್ರೆ, ಬೇಕು ಅಂತ ಬರೆಸಿದ್ದಕ್ಕೂ ನಿಜವಾಗಿ ಬೇಕಾಗಿದ್ದಕ್ಕೂ ಇರುವ ವ್ಯತ್ಯಾಸ ಕೊನೆಯ ದಿನ ಗೊತ್ತಾಗುತ್ತದೆ. ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐ ತನ್ನ ಕೇಸ್ ಕಡತಗಳನ್ನು ಕಂಪ್ಯೂಟರಿಗೆ ತರಲು ವರ್ಚುವಲ್ ಕೇಸ್ ಫೈಲ್ ಎಂಬ ಯೋಜನೆ ಹಾಕಿತ್ತು. ಸುಮಾರು 17 ಕೋಟಿ ಡಾಲರ್ ಖರ್ಚಾದ ಮೇಲೆ 2005ರಲ್ಲಿ ಕೈಬಿಟ್ಟಿತು. ಕಾರಣಗಳು ಹಲವು, ಏನು ಬೇಕು ಎಂಬುದು ನಡುವೆ ಬದಲಾಗುತ್ತಲೇ ಇದ್ದದ್ದು ಅದರಲ್ಲೊಂದು. ಅದರ ಜಾಗಕ್ಕೆ ಬಂದ ಸೆಂಟಿನೆಲ್ ಯೋಜನೆಯೂ ಕುಂಟಿತು. 2010ರಲ್ಲಿ ಎಫ್‌ಬಿಐ ಅದನ್ನು ಗುತ್ತಿಗೆದಾರರ ಕೈಯಿಂದ ತಾನೇ ತೆಗೆದುಕೊಂಡು, ಚಿಕ್ಕ ತಂಡ ಇಟ್ಟುಕೊಂಡು, ಸ್ವಲ್ಪ ಸ್ವಲ್ಪವಾಗಿ ಮಾಡಿ ತೋರಿಸುವ ಅಜೈಲ್ ದಾರಿ ಹಿಡಿಯಿತು. 2012ರ ಜುಲೈನಲ್ಲಿ ಅದು ಬಳಕೆಗೆ ಬಂತು.

## ನಾಲೆ ನೀರಿನ ಭತ್ತ, ಮಳೆ ನಂಬಿದ ಶೇಂಗಾ

ಎರಡು ಪದ್ಧತಿಯ ವ್ಯತ್ಯಾಸಕ್ಕೆ ನಮ್ಮ ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳ ಹೊಲಗಳನ್ನೇ ನೋಡಬಹುದು.

ಹರಿಹರ, ಮಲೇಬೆನ್ನೂರು ಕಡೆ ಭದ್ರಾ ಅಚ್ಚುಕಟ್ಟು. ಡ್ಯಾಮಿನಲ್ಲಿ 186 ಅಡಿಗೆ ಎಷ್ಟು ತುಂಬಿದೆ ಅಂತ ನೋಡಿ, ನೀರಾವರಿ ಸಲಹಾ ಸಮಿತಿ ಕೂತು, ನಾಲೆಗೆ ನೀರು ಬಿಡುವ ತಾರೀಖು ಹೇಳುತ್ತದೆ. ಆ ತಾರೀಖು ಹಿಡಿದು ರೈತರು ಸಸಿ ಮಡಿ ಹಾಕುತ್ತಾರೆ, ನಾಟಿಗೆ ಆಳು ಹೇಳುತ್ತಾರೆ, ಗೊಬ್ಬರ ತರುತ್ತಾರೆ. ಎಲ್ಲ ಮೊದಲೇ ಗೊತ್ತು. ಇಲ್ಲಿ ದಿನಕ್ಕೊಂದು ತೀರ್ಮಾನ ಮಾಡಿದರೆ ಎಲ್ಲರಿಗೂ ನಷ್ಟ, ಯಾಕೆಂದರೆ ನಾಲೆಯ ಕೊನೆಯಲ್ಲಿರುವವರ ಗದ್ದೆಗೂ ನೀರು ಮುಟ್ಟಬೇಕು.

ಚಳ್ಳಕೆರೆ ಕಡೆ ಬನ್ನಿ. ರಾಜ್ಯದಲ್ಲಿ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಲ್ಲಿ ಅದೊಂದು. ಅಲ್ಲಿ ಶೇಂಗಾ ಬೀಜ ಮನೆಯಲ್ಲಿ ರೆಡಿ ಇರುತ್ತದೆ, ಆದರೆ ತಾರೀಖು ಯಾರೂ ಹೇಳಲ್ಲ. ಹದ ಮಳೆ ಬಿದ್ದರೆ ಬಿತ್ತುತ್ತಾರೆ. ಬೀಳದಿದ್ದರೆ ಕಾಯುತ್ತಾರೆ. ಪೂರ್ತಿ ಶೇಂಗಾ ನಂಬದೆ ಅಕ್ಕಡಿ ಸಾಲಿನಲ್ಲಿ ತೊಗರಿ ಹಾಕಿರುತ್ತಾರೆ. ತೀರಾ ತಡವಾದರೆ ಶೇಂಗಾ ಕೈಬಿಟ್ಟು ಹುರುಳಿಗೋ ನವಣೆಗೋ ತಿರುಗುತ್ತಾರೆ. ಗುರಿ ಒಂದೇ, ವರ್ಷದ ಕೊನೆಗೆ ಮನೆಗೆ ಏನಾದರೂ ಬರಬೇಕು. ದಾರಿ ಮಾತ್ರ ಆಕಾಶ ನೋಡಿಕೊಂಡು ಬದಲಾಗುತ್ತದೆ. ಅಜೈಲ್ ಅಂದ್ರೆ ಹೆಚ್ಚುಕಡಿಮೆ ಈ ಎರಡನೇ ಬೇಸಾಯ.

ಇಲ್ಲಿ ಎರಡು ವಿಷಯ ಗಮನಿಸಿ. ಭತ್ತದವರು ದಡ್ಡರಲ್ಲ, ಶೇಂಗಾದವರು ಅವರಿಗಿಂತ ಜಾಣರೂ ಅಲ್ಲ. ಮುಂದೇನು ಅಂತ ಎಷ್ಟು ಗೊತ್ತಿದೆ ಎಂಬುದರ ಮೇಲೆ ಪದ್ಧತಿ ನಿಂತಿದೆ. ಇನ್ನೊಂದು ಇದಕ್ಕಿಂತ ಮುಖ್ಯ. ಚಳ್ಳಕೆರೆಯ ಹೊಲದ ಮಾಲೀಕರು ಬೆಂಗಳೂರಿನಲ್ಲಿದ್ದು, ಹೊಲ ನೋಡಿಕೊಳ್ಳುವವನು ಪ್ರತಿ ಸಲ ಫೋನ್ ಮಾಡಿ 'ಅಣ್ಣಾ, ಬಿತ್ತಲಾ?' ಅಂತ ಕೇಳಬೇಕು, ಅವರು ನಾಳೆ ಯೋಚಿಸಿ ಹೇಳ್ತೀನಿ ಅಂದರು ಅಂತಿಟ್ಟುಕೊಳ್ಳಿ. ಅಷ್ಟರಲ್ಲಿ ಹದ ಹೋಗಿರುತ್ತದೆ. ಕೂರಿಗೆ, ಬೀಜ, ಟ್ರ್ಯಾಕ್ಟರು ಎಲ್ಲ ಇದ್ದೂ ಪ್ರಯೋಜನವಿಲ್ಲ. ಮಣ್ಣು ಮುಟ್ಟಿ ನೋಡುವವನ ಕೈಯಲ್ಲಿ ತೀರ್ಮಾನ ಇರಬೇಕು. ಅಜೈಲ್‌ಗೂ ಕಂಪನಿಯ ರೂಢಿಗೂ ಇರುವ ಜಗಳದ ಬಹುಪಾಲು ಈ ಒಂದು ಜಾಗದಲ್ಲೇ ಇದೆ.

## ಹದಿನೇಳು ಜನ, ನಾಲ್ಕು ಸಾಲು

2001ರ ಫೆಬ್ರುವರಿಯಲ್ಲಿ ಅಮೆರಿಕದ ಯೂಟಾ ರಾಜ್ಯದ ಸ್ನೋಬರ್ಡ್ ಎಂಬ ಗುಡ್ಡದ ರೆಸಾರ್ಟಿನಲ್ಲಿ 17 ಮಂದಿ ಸೇರಿದರು. ಕೆಂಟ್ ಬೆಕ್, ಮಾರ್ಟಿನ್ ಫೌಲರ್, ಜೆಫ್ ಸದರ್‌ಲ್ಯಾಂಡ್, ಕೆನ್ ಶ್ವೇಬರ್ ಮೊದಲಾದವರು. ಒಬ್ಬೊಬ್ಬರದೂ ಒಂದೊಂದು ಪದ್ಧತಿ, ಒಪ್ಪದ ವಿಷಯ ಬೇಕಾದಷ್ಟು. ಆದರೂ ನಾಲ್ಕು ಮಾತಿಗೆ ಎಲ್ಲರೂ ಒಪ್ಪಿದರು. ಅದೇ ಅಜೈಲ್ ಪ್ರಣಾಳಿಕೆ.

ಅದರ ಸಾರ ಇಷ್ಟು. ನಿಯಮ ಮತ್ತು ಸಲಕರಣೆಗಿಂತ ಜನ ಮತ್ತು ಅವರ ಮಾತುಕತೆ ಮುಖ್ಯ. ದಪ್ಪ ದಾಖಲೆಗಿಂತ ಕೆಲಸ ಮಾಡುವ ಸಾಫ್ಟ್‌ವೇರ್ ಮುಖ್ಯ. ಒಪ್ಪಂದದ ಚೌಕಾಸಿಗಿಂತ ಗಿರಾಕಿಯ ಜೊತೆ ಕೂತು ಮಾಡುವುದು ಮುಖ್ಯ. ಹಾಕಿದ ಯೋಜನೆಗೆ ಅಂಟಿಕೊಳ್ಳುವುದಕ್ಕಿಂತ ಬದಲಾವಣೆಗೆ ಸ್ಪಂದಿಸುವುದು ಮುಖ್ಯ. ದಾಖಲೆ, ಒಪ್ಪಂದ, ಯೋಜನೆ ಬೇಡ ಅಂತ ಅವರು ಎಲ್ಲೂ ಹೇಳಿಲ್ಲ. ಅವಕ್ಕೂ ಬೆಲೆ ಇದೆ, ಇವಕ್ಕೆ ಇನ್ನೂ ಜಾಸ್ತಿ ಅಂದರು. 'ನಮ್ದು ಅಜೈಲ್ ರೀ, ಡಾಕ್ಯುಮೆಂಟ್ ಬರೆಯಲ್ಲ' ಅನ್ನುವವರು ಈ ಸಾಲನ್ನು ಓದಿರುವುದಿಲ್ಲ.

ಈ ನಾಲ್ಕರಲ್ಲಿ ಕಂಪ್ಯೂಟರಿನ ತಾಂತ್ರಿಕ ವಿಷಯ ಒಂದೂ ಇಲ್ಲ, ನೋಡಿ. ಎಲ್ಲವೂ ಜನ ಹೇಗೆ ಮಾತಾಡಬೇಕು, ಯಾರನ್ನು ನಂಬಬೇಕು ಎಂಬುದರ ಬಗ್ಗೆಯೇ.

## ದಿನಾ ಕೇಳುವ ಪದಗಳು

ಅಜೈಲ್ ಒಂದು ಧೋರಣೆ. ಅದನ್ನು ಕೆಲಸಕ್ಕೆ ಇಳಿಸುವ ಪದ್ಧತಿಗಳು ಹಲವು, ಜಾಸ್ತಿ ಬಳಕೆಯಲ್ಲಿರುವುದು ಸ್ಕ್ರಮ್. ಸದರ್‌ಲ್ಯಾಂಡ್ ಮತ್ತು ಶ್ವೇಬರ್ ಇದನ್ನು 1995ರಲ್ಲಿ ಒಂದು ಸಮ್ಮೇಳನದಲ್ಲಿ ಜಗತ್ತಿನ ಮುಂದಿಟ್ಟರು. ಅದರ ನಿಯಮಗಳ ಚಿಕ್ಕ ಕೈಪಿಡಿ 2010ರಲ್ಲಿ ಬಂತು, 2020ರಲ್ಲಿ ಮತ್ತೆ ತಿದ್ದಿದರು.

ಸ್ಕ್ರಮ್‌ನಲ್ಲಿ ಕೆಲಸವನ್ನು ಚಿಕ್ಕ ಅವಧಿಗಳಾಗಿ ಒಡೆಯುತ್ತಾರೆ, ಒಂದು ಅವಧಿ ಒಂದು ತಿಂಗಳಿಗಿಂತ ಜಾಸ್ತಿ ಇರುವಂತಿಲ್ಲ, ಸಾಮಾನ್ಯವಾಗಿ ಎರಡು ವಾರ. ಅದೇ ಸ್ಪ್ರಿಂಟ್. ಮಾಡಬೇಕಾದ ಕೆಲಸಗಳ ಪಟ್ಟಿ ಬ್ಯಾಕ್‌ಲಾಗ್, ಮುಖ್ಯವಾದದ್ದು ಮೇಲೆ. ಯಾವುದು ಮೇಲೆ ಯಾವುದು ಕೆಳಗೆ ಅಂತ ತೀರ್ಮಾನ ಮಾಡುವವರು ಪ್ರಾಡಕ್ಟ್ ಓನರ್. ಹೆಸರಲ್ಲಿ ಓನರ್ ಇದ್ದ ಮಾತ್ರಕ್ಕೆ ಕಂಪನಿಯ ಮಾಲೀಕರೇ ಆಗಬೇಕಿಲ್ಲ. ತಂಡ ಈ ಪದ್ಧತಿ ಅರಿತು ನಡೆಯುವಂತೆ ನೋಡಿಕೊಂಡು, ಅಡ್ಡಿಗಳನ್ನು ತೆಗೆಯಲು ನೆರವಾಗುವವರು ಸ್ಕ್ರಮ್ ಮಾಸ್ಟರ್. ತಂಡ ಸಾಮಾನ್ಯವಾಗಿ 10 ಜನ ಅಥವಾ ಅದಕ್ಕಿಂತ ಕಡಿಮೆ. ದಿನಕ್ಕೊಮ್ಮೆ 15 ನಿಮಿಷದ ಮಾತುಕತೆ, ಅದೇ ಮನೆಯವರ ಕಿವಿಗೆ ಬೀಳುವ ಸ್ಟ್ಯಾಂಡಪ್. ಸ್ಪ್ರಿಂಟ್ ಕೊನೆಗೆ ಮಾಡಿದ್ದನ್ನು ಗಿರಾಕಿಗೆ ತೋರಿಸುವುದು ರಿವ್ಯೂ. 'ನಾವು ಕೆಲಸ ಮಾಡುವ ರೀತಿಯಲ್ಲಿ ಏನು ಸರಿಯಿಲ್ಲ' ಅಂತ ತಮ್ಮತಮ್ಮಲ್ಲೇ ಮಾತಾಡಿಕೊಳ್ಳುವುದು ರೆಟ್ರೊ.

ಇನ್ನೊಂದು ಪದ್ಧತಿ ಕಾನ್ಬಾನ್. ಟೊಯೋಟ ಕಾರ್ಖಾನೆಯಲ್ಲಿ ತಾಯಿಚಿ ಓನೊ ಬೆಳೆಸಿದ ಚೀಟಿ ವ್ಯವಸ್ಥೆ ಇದರ ಮೂಲ. ಗೋಡೆಯ ಮೇಲೊಂದು ಬೋರ್ಡು, ಅದರಲ್ಲಿ 'ಮಾಡಬೇಕು', 'ನಡೀತಿದೆ', 'ಮುಗಿದಿದೆ' ಎಂಬ ಸಾಲುಗಳು, ಒಂದೊಂದು ಕೆಲಸಕ್ಕೆ ಒಂದೊಂದು ಚೀಟಿ. ನಡುವಿನ ಸಾಲಿನಲ್ಲಿ ಇಷ್ಟಕ್ಕಿಂತ ಜಾಸ್ತಿ ಚೀಟಿ ಇರಬಾರದು ಅಂತ ಮಿತಿ.

## ರೂಢಿ ಅಂದ್ರೆ ಯಾವುದು

ಕಂಪನಿಯ ಸಂಸ್ಕೃತಿ ಅಂದ ಕೂಡಲೇ ಆಯುಧಪೂಜೆಗೆ ಕಂಪ್ಯೂಟರಿಗೆ ಹೂವು ಹಾಕುವುದು, ಗೋಡೆ ಮೇಲಿನ ಘೋಷಣೆ ನೆನಪಿಗೆ ಬರುತ್ತವೆ. ಎಡ್ಗರ್ ಶೈನ್ ಎಂಬ, ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಪ್ರಾಧ್ಯಾಪಕರು 1980ರ ದಶಕದಲ್ಲಿ ಇದನ್ನು ಮೂರು ಪದರವಾಗಿ ಬಿಡಿಸಿದರು. ಮೇಲಿನ ಪದರ ಕಣ್ಣಿಗೆ ಕಾಣುವಂಥದ್ದು: ಕುರ್ಚಿ ಎಲ್ಲಿದೆ, ಯಾರಿಗೆ ಕ್ಯಾಬಿನ್ ಇದೆ, ಮೀಟಿಂಗ್ ಹೇಗೆ ನಡೆಯುತ್ತದೆ. ಎರಡನೆಯದು ಬಾಯಲ್ಲಿ ಹೇಳಿಕೊಳ್ಳುವ ಮೌಲ್ಯ: 'ನಮ್ಮಲ್ಲಿ ಎಲ್ಲರೂ ಸಮಾನರು'. ಮೂರನೆಯದು ತಳದಲ್ಲಿರುವುದು. ಯಾರೂ ಬರೆದಿಟ್ಟಿಲ್ಲ, ಯಾರೂ ಹೇಳಿಕೊಟ್ಟಿಲ್ಲ, ಆದರೆ ಹೊಸ ಹುಡುಗನಿಗೂ ಬಂದ ಕೆಲವೇ ವಾರಕ್ಕೆ ತಿಳಿದುಹೋಗುತ್ತದೆ. ಸಾಹುಕಾರರಿಗಿಂತ ಮೊದಲು ಮನೆಗೆ ಹೊರಡಬಾರದು. ತಪ್ಪಾದರೆ ಹೇಳುವುದಕ್ಕಿಂತ ಮುಚ್ಚಿಡುವುದು ಕ್ಷೇಮ. ಯಾವುದಕ್ಕೂ ಮೇಲಿನವರನ್ನು ಒಂದು ಮಾತು ಕೇಳುವುದು ಒಳ್ಳೇದು.

ಸ್ಟ್ಯಾಂಡಪ್, ಬೋರ್ಡು, ಬಣ್ಣದ ಚೀಟಿ ಎಲ್ಲ ಮೊದಲ ಪದರದ ವಸ್ತುಗಳು. ಸೋಮವಾರ ಬೆಳಿಗ್ಗೆ ತರಬಹುದು. ಆದರೆ ಅವು ಕೆಲಸ ಮಾಡಬೇಕಾದರೆ ಮೂರನೇ ಪದರ ಬೇರೆ ಥರ ಇರಬೇಕು. ಅದನ್ನು ಸೋಮವಾರ ತರಲು ಆಗಲ್ಲ.

## ತಿಕ್ಕಾಟ ಎಲ್ಲೆಲ್ಲಿ

ಒಂದು ಆಫೀಸು ಊಹಿಸಿಕೊಳ್ಳಿ. ದಾವಣಗೆರೆಯ ಪಿಜೆ ಬಡಾವಣೆಯಲ್ಲಿ ಎರಡನೇ ಮಹಡಿ, ಹತ್ತು-ಹನ್ನೆರಡು ಜನ. ಎಪಿಎಂಸಿಯ ಮೆಕ್ಕೆಜೋಳದ ಮಂಡಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡಿಕೊಡುತ್ತಾರೆ. ಯಜಮಾನರು ಬೆವರು ಸುರಿಸಿ ಕಟ್ಟಿದ ಕಂಪನಿ. ಮಂಡಿಯವರೆಲ್ಲ ಅವರಿಗೆ ಹೆಸರು ಹಿಡಿದು ಗೊತ್ತು. ಅಕ್ಕನ ಮಗ ಮ್ಯಾನೇಜರ್. ಗಿರಾಕಿಗಳ ಫೋನ್ ತೆಗೆಯಲು ಒಬ್ಬ ಹುಡುಗಿ. ಉಳಿದವರು ಪ್ರೋಗ್ರಾಮರ್‌ಗಳು. ಇಲ್ಲಿಗೆ ಅಜೈಲ್ ಬಂತು ಅಂದುಕೊಳ್ಳಿ.

ಮೊದಲು ಸ್ಟ್ಯಾಂಡಪ್. ನಿಯಮದ ಪ್ರಕಾರ ಅದು ತಂಡದವರು ಒಬ್ಬರಿಗೊಬ್ಬರು ಮಾತಾಡುವ ಜಾಗ: ಇವತ್ತು ನಾನು ಇದನ್ನು ಮಾಡ್ತೀನಿ, ಇಲ್ಲಿ ಸಿಕ್ಕಿಹಾಕಿಕೊಂಡಿದ್ದೀನಿ, ಯಾರಾದರೂ ನೋಡ್ತೀರಾ. ಆದರೆ ಯಜಮಾನರು ಬಂದು ಕೂತರು. ಎಲ್ಲರ ಮುಖ ಅವರ ಕಡೆ ತಿರುಗಿತು. ಒಬ್ಬೊಬ್ಬರೂ ನಿನ್ನೆ ತಾವು ಎಷ್ಟು ದುಡಿದೆವು ಅಂತ ಒಪ್ಪಿಸಿದರು. ಸಿಕ್ಕಿಹಾಕಿಕೊಂಡಿದ್ದೀನಿ ಅಂತ ಒಬ್ಬರೂ ಹೇಳಲಿಲ್ಲ, ಹೇಳಿದರೆ ಕೆಲಸ ಬರಲ್ಲ ಅಂದುಕೊಂಡಾರು ಅಂತ. ಹದಿನೈದು ನಿಮಿಷದ ಮಾತು ಮುಕ್ಕಾಲು ಗಂಟೆ ಆಯಿತು. ಯಜಮಾನರ ಉದ್ದೇಶ ಕೆಟ್ಟದ್ದಲ್ಲ, ಅವರಿಗೆ ಆಸಕ್ತಿ ಜಾಸ್ತಿ. ಆದರೂ ಅದು ಹಾಜರಿ ಪುಸ್ತಕವಾಯಿತು.

ಆಮೇಲೆ ಪ್ರಾಡಕ್ಟ್ ಓನರ್. ಮಂಡಿಯವರ ಕಷ್ಟ ಚೆನ್ನಾಗಿ ಗೊತ್ತಿರುವುದು ಫೋನ್ ತೆಗೆಯುವ ಹುಡುಗಿಗೆ, ಅವಳನ್ನೇ ಮಾಡೋಣ ಅಂತ ಧೈರ್ಯ ಮಾಡಿದರು. ಒಳ್ಳೇ ತೀರ್ಮಾನ. ತೂಕ ಬರೆಯುವ ಸ್ಕ್ರೀನಿನಲ್ಲೇ ತೇವಾಂಶ ಬರೆಯಲು ಜಾಗ ಇಲ್ಲ, ಗುಮಾಸ್ತರು ಬೇರೆ ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ, ಹೊಸ ಜೋಳ ಬರುವ ಅಕ್ಟೋಬರ್-ನವೆಂಬರ್‌ನಲ್ಲಿ ಲಾರಿ ಸಾಲು ನಿಂತಾಗ ಇದೇ ದೊಡ್ಡ ತಲೆನೋವು ಅಂತ ಅವಳಿಗೆ ಗೊತ್ತು. ಅದನ್ನು ಪಟ್ಟಿಯ ಮೇಲೆ ಹಾಕಿದಳು. ಎರಡು ವಾರದಲ್ಲಿ ಮಾಡಿ ಒಂದು ಮಂಡಿಯಲ್ಲಿ ತೋರಿಸಿದರೆ, ತಪ್ಪಿದ್ದರೆ ಅಲ್ಲೇ ಗೊತ್ತಾಗುತ್ತದೆ. ಹಳೇ ಕ್ರಮದಲ್ಲಾದರೆ ಸೀಸನ್ ಮುಗಿದ ಮೇಲೆ ಗೊತ್ತಾಗುತ್ತಿತ್ತು.

ಆದರೆ ಬುಧವಾರ ರಾತ್ರಿ ಯಜಮಾನರು ಪ್ರೋಗ್ರಾಮರ್‌ಗೆ ನೇರ ಫೋನ್ ಮಾಡಿದರು. ಯಾವುದೋ ಮದುವೆಯಲ್ಲಿ ದೊಡ್ಡ ಮಂಡಿಯ ಸಾಹುಕಾರ್ರು ಸಿಕ್ಕಿದ್ದರಂತೆ, ಬಣ್ಣಬಣ್ಣದ ಚಾರ್ಟು ಬೇಕಂತೆ. 'ಇದೊಂದು ಬೇಗ ಮಾಡಿಬಿಡಪ್ಪ, ಆಮೇಲೆ ನಿಮ್ದು ಮಾಡ್ಕೊಳ್ಳಿ.' ಆ ಹುಡುಗ ಇಲ್ಲ ಅನ್ನುತ್ತಾನಾ? ಪಟ್ಟಿ ಅಲ್ಲೇ ಇದೆ, ಹುಡುಗಿಯ ಹುದ್ದೆಯ ಹೆಸರೂ ಅಲ್ಲೇ ಇದೆ, ತೀರ್ಮಾನ ಮಾತ್ರ ಹಳೇ ಜಾಗಕ್ಕೆ ವಾಪಸ್ ಹೋಯಿತು. ಇಂಥ ಎರಡು ಫೋನ್ ಕಾಲ್ ಸಾಕು, ಮುಂದಿನ ಸ್ಪ್ರಿಂಟಿನ ಪ್ಲಾನಿಂಗ್‌ನಲ್ಲಿ ಯಾರೂ ಮನಸ್ಸಿಟ್ಟು ಕೂರುವುದಿಲ್ಲ. ಹೇಗಿದ್ದರೂ ಬದಲಾಗುತ್ತದಲ್ಲ ಅಂತ.

ರೆಟ್ರೊ ಇನ್ನೂ ಕಷ್ಟ. ಎಲ್ಲರೂ ಕೂತು 'ಏನು ಸರಿ ಹೋಗಲಿಲ್ಲ' ಅಂತ ಹೇಳಬೇಕು. ದೊಡ್ಡವರ ಎದುರು ಮಾತಾಡಬಾರದು ಅಂತ ಕೇಳಿ ಬೆಳೆದವರು, ಮ್ಯಾನೇಜರ್ ಯಜಮಾನರ ಅಕ್ಕನ ಮಗ ಅಂತ ಗೊತ್ತಿದ್ದವರು, ಏನು ಹೇಳುತ್ತಾರೆ? 'ಎಲ್ಲ ಚೆನ್ನಾಗಿದೆ ಸಾರ್, ಎಸಿ ಸ್ವಲ್ಪ ನೋಡಿ.'

ಹಾಗಂತ ಇದು ನಮ್ಮವರ ದೌರ್ಬಲ್ಯ ಅಂತ ಬರೆದುಬಿಡುವುದು ಸರಿಯಲ್ಲ. ಗೀರ್ಟ್ ಹಾಫ್‌ಸ್ಟೆಡ್ ಎಂಬ ಡಚ್ ಸಂಶೋಧಕರು 1967ರಿಂದ 1973ರವರೆಗೆ ಐಬಿಎಂ ಕಂಪನಿಯ ಬೇರೆಬೇರೆ ದೇಶಗಳ ನೌಕರರ ಉತ್ತರಗಳನ್ನು ಹೋಲಿಸಿದರು. ಮೇಲು-ಕೆಳಗಿನ ಅಂತರವನ್ನು ಜನ ಎಷ್ಟು ಸಹಜ ಅಂತ ಒಪ್ಪುತ್ತಾರೆ ಎಂಬುದಕ್ಕೆ ಅವರು ಕೊಟ್ಟ ಅಂಕದಲ್ಲಿ ಭಾರತಕ್ಕೆ 77, ಅಮೆರಿಕಕ್ಕೆ 40. ಇದು ದೇಶದ ಸರಾಸರಿ, ಯಾವುದೇ ಒಂದು ಆಫೀಸಿನ ಜಾತಕ ಅಲ್ಲ, ಈ ಅಧ್ಯಯನಕ್ಕೆ ಟೀಕೆಗಳೂ ಇವೆ. ಆದರೆ ಒಂದು ಮಾತು ಅರ್ಥವಾಗುತ್ತದೆ. ಪ್ರಣಾಳಿಕೆ ಬರೆದವರು ಬಾಸ್ ಜೊತೆ ವಾದ ಮಾಡುವುದು ಅಷ್ಟೇನೂ ದೊಡ್ಡ ವಿಷಯವಲ್ಲದ ಕಡೆ ಕೂತು ಬರೆದಿದ್ದರು. ಅವರಿಗೆ ಬರೆಯುವ ಅಗತ್ಯವೇ ಕಾಣದಿದ್ದ ಎಷ್ಟೋ ವಿಷಯ ಇಲ್ಲಿ ಮೊದಲು ಕಟ್ಟಿಕೊಳ್ಳಬೇಕು.

ಕೆಟ್ಟ ಸುದ್ದಿ ಹೇಳುವ ಧೈರ್ಯದ ಬಗ್ಗೆ ಹಾರ್ವರ್ಡ್‌ನ ಏಮಿ ಎಡ್ಮಂಡ್‌ಸನ್ ಮಾಡಿದ ಕೆಲಸ ಕುತೂಹಲದ್ದು. 1990ರ ದಶಕದಲ್ಲಿ ಅವರು ಆಸ್ಪತ್ರೆಗಳ ನರ್ಸ್ ತಂಡಗಳಲ್ಲಿ ಔಷಧ ಕೊಡುವಾಗ ಆಗುವ ತಪ್ಪುಗಳನ್ನು ನೋಡುತ್ತಿದ್ದರು. ಒಳ್ಳೇ ತಂಡಗಳಲ್ಲಿ ತಪ್ಪು ಕಡಿಮೆ ಇರಬೇಕು ಅಲ್ವಾ? ಲೆಕ್ಕ ಉಲ್ಟಾ ಬಂತು, ಚೆನ್ನಾಗಿ ನಡೆಯುವ ತಂಡಗಳಲ್ಲೇ ಜಾಸ್ತಿ ತಪ್ಪು ದಾಖಲಾಗಿತ್ತು. ಅವರು ಜಾಸ್ತಿ ತಪ್ಪು ಮಾಡುತ್ತಿರಲಿಲ್ಲ, ಆದ ತಪ್ಪನ್ನು ಹೆದರದೆ ಹೇಳುತ್ತಿದ್ದರು ಎಂಬುದು ಎಡ್ಮಂಡ್‌ಸನ್ ಕೊಟ್ಟ ವಿವರಣೆ. ಅಜೈಲ್‌ನ ಇಡೀ ಯಂತ್ರ ಓಡುವುದು ಇಂಥ ಮಾತಿನ ಮೇಲೆ. ತಪ್ಪು ಎರಡು ವಾರಕ್ಕೇ ಹೊರಬಂದರೆ ಲಾಭ. ಹೊರತಂದವನಿಗೆ ಬೈಗುಳ ಸಿಕ್ಕರೆ ಮುಂದಿನ ತಪ್ಪು ಆರು ತಿಂಗಳು ಒಳಗೇ ಇರುತ್ತದೆ.

ದುಡ್ಡಿನ ತಿಕ್ಕಾಟವೂ ಇದೆ. ಸರ್ಕಾರಿ ಟೆಂಡರ್ ಹಿಡಿದರೆ ಏನೇನು ಮಾಡಿಕೊಡಬೇಕು ಅಂತ ಮೊದಲೇ ಬರೆದಿರುತ್ತದೆ, ಬಿಲ್ಲು ಪಾಸಾಗುವುದು ಅದರ ಪ್ರಕಾರ. ನಡುವೆ 'ಇದು ಬೇಡ, ಅದು ಮಾಡೋಣ' ಅಂದರೆ ಆಡಿಟ್‌ನವರು ಕೇಳುತ್ತಾರೆ. ಸಂಬಳ ಜಾಸ್ತಿ ಮಾಡುವಾಗ ಒಬ್ಬೊಬ್ಬರಿಗೂ ರ‍್ಯಾಂಕ್ ಕೊಡುವ ರೂಢಿ ಇದ್ದರೆ, ತಂಡವಾಗಿ ಕೆಲಸ ಮಾಡಿ ಅನ್ನುವ ಮಾತಿಗೆ ಬೆಲೆ ಇರುವುದಿಲ್ಲ. ಪಕ್ಕದವನ ಕೋಡ್ ಸರಿ ಮಾಡಿಕೊಟ್ಟು ಅವನ ರ‍್ಯಾಂಕ್ ಮೇಲೆ ಹೋದರೆ ನನಗೇನು?

## ಒಂದೇ ಕಾರ್ಖಾನೆ, ಅದೇ ಜನ

ರೂಢಿ ಬದಲಾಗುವುದೇ ಇಲ್ಲವಾ ಅಂದರೆ, ಕ್ಯಾಲಿಫೋರ್ನಿಯಾದ ಫ್ರೀಮಾಂಟ್ ಕಾರ್ಖಾನೆಯ ಕಥೆ ನೋಡಬೇಕು. ಅದು ಜನರಲ್ ಮೋಟರ್ಸ್‌ನ ಕಾರು ಕಾರ್ಖಾನೆ. ಗೈರುಹಾಜರಿ, ಜಗಳ, ಕಳಪೆ ಕಾರು, ಇದಕ್ಕೇ ಹೆಸರುವಾಸಿ. 1982ರಲ್ಲಿ ಮುಚ್ಚಿದರು. 1984ರಲ್ಲಿ ಟೊಯೋಟ ಜೊತೆ ಸೇರಿ ನೂಮಿ (NUMMI) ಎಂಬ ಹೆಸರಿನಲ್ಲಿ ಮತ್ತೆ ತೆರೆದರು. ಕೆಲಸಕ್ಕೆ ಬಂದವರಲ್ಲಿ ಬಹುಪಾಲು ಅದೇ ಹಳಬರು, ಅದೇ ಯೂನಿಯನ್. ನೂರಾರು ಜನರನ್ನು ಜಪಾನಿಗೆ ಕಳಿಸಿ ಟೊಯೋಟದವರ ಕೆಲಸ ತೋರಿಸಿದರು.

ಅಲ್ಲಿ ಲೈನಿನ ಉದ್ದಕ್ಕೂ ಒಂದು ಹಗ್ಗ ಇರುತ್ತದೆ. ಯಾವ ಕೆಲಸಗಾರನಿಗಾದರೂ ಏನೋ ತಪ್ಪು ಕಂಡರೆ ಅದನ್ನು ಎಳೆಯಬಹುದು. ತಕ್ಷಣ ಮೇಲಿನವರು ಓಡಿಬರುತ್ತಾರೆ, ಸರಿಹೋಗದಿದ್ದರೆ ಲೈನು ನಿಲ್ಲುತ್ತದೆ. ಬಂದವರು ಬೈಯಲ್ಲ, ಏನು ಸಹಾಯ ಬೇಕು ಅಂತ ಕೇಳುತ್ತಾರೆ. ಹಳೇ ಕಾರ್ಖಾನೆಯಲ್ಲಿ ಲೈನ್ ನಿಲ್ಲಿಸುವುದು ದೊಡ್ಡ ಅಪರಾಧವಾಗಿತ್ತು. ಹೊಸ ಕ್ರಮ ಬಂದ ಮೇಲೆ, ಅದೇ ಜನ ಅಮೆರಿಕದಲ್ಲಿ ಅತ್ಯುತ್ತಮ ಗುಣಮಟ್ಟದ ಕಾರು ಮಾಡುವವರ ಸಾಲಿಗೆ ಬಂದರು.

ಜನರಲ್ ಮೋಟರ್ಸ್ ಇದನ್ನು ತನ್ನ ವ್ಯಾನ್ ನೈಸ್ ಕಾರ್ಖಾನೆಗೂ ತರಲು ಹೊರಟಿತು. ಹಗ್ಗ ತಂದರು. ಆದರೆ ದಿನಕ್ಕೆ ಎಷ್ಟು ಕಾರು ಹೊರಬಿತ್ತು ಅಂತಲೇ ಮ್ಯಾನೇಜರ್‌ಗಳನ್ನು ಅಳೆಯುತ್ತಿದ್ದರು, ಲೈನ್ ನಿಲ್ಲುವುದು ಅವರಿಗೆ ಬೇಕಿರಲಿಲ್ಲ. ಹಗ್ಗ ಇತ್ತು, ಎಳೆಯುವ ಹಾಗಿರಲಿಲ್ಲ. 1992ರಲ್ಲಿ ಆ ಕಾರ್ಖಾನೆಯನ್ನೇ ಮುಚ್ಚಿದರು. ಅಂದಹಾಗೆ ಫ್ರೀಮಾಂಟ್‌ನ ಅದೇ ಜಾಗದಲ್ಲಿ ಈಗ ಟೆಸ್ಲಾ ಕಾರು ತಯಾರಾಗುತ್ತದೆ.

ನೂಮಿಯನ್ನು ಒಳಗಿನಿಂದ ಕಂಡ ಜಾನ್ ಶೂಕ್ ಎಂಬವರು 2010ರಲ್ಲಿ ಬರೆದ ಲೇಖನದಲ್ಲಿ ಒಂದು ಮಾತು ವಾದಿಸುತ್ತಾರೆ: ಮೊದಲು ಜನರ ಮನಸ್ಸು ಬದಲಾಯಿಸಿ ಆಮೇಲೆ ನಡವಳಿಕೆ ಬದಲಾಯಿಸೋಣ ಅಂತ ಹೋಗಬೇಡಿ, ಅವರು ಮಾಡುವ ಕೆಲಸದ ರೀತಿ ಬದಲಾಯಿಸಿ, ಯೋಚನೆ ಹಿಂದೆ ಬರುತ್ತದೆ. ನನಗೆ ಇದು ಸರಿ ಅನ್ನಿಸುತ್ತದೆ. ಭಾಷಣ ಕೇಳಿ ಯಾರೂ ಹಗ್ಗ ಎಳೆಯಲ್ಲ. ಎಳೆದವನಿಗೆ ಏನಾಯಿತು ಅಂತ ನೋಡಿ ಎಳೆಯುತ್ತಾರೆ.

## ಈಗಾಗಲೇ ಇರುವುದು

ಊರಿನ ಸಣ್ಣ ಕಂಪನಿಗಳಿಗೆ ಕೆಲವು ವಿಷಯದಲ್ಲಿ ಬೆಂಗಳೂರಿನ ದೊಡ್ಡ ಕಂಪನಿಗಳಿಗಿಂತ ಅನುಕೂಲ ಜಾಸ್ತಿ. ಗಿರಾಕಿ ಜೊತೆ ಕೂತು ಮಾಡಿ ಅಂತ ಪ್ರಣಾಳಿಕೆ ಹೇಳುತ್ತದೆ. ದೊಡ್ಡ ಕಂಪನಿಯ ಪ್ರೋಗ್ರಾಮರ್ ತನ್ನ ಸಾಫ್ಟ್‌ವೇರ್ ಬಳಸುವವರ ಮುಖವನ್ನೇ ನೋಡಿರುವುದಿಲ್ಲ. ಪಿಜೆ ಬಡಾವಣೆಯ ಹುಡುಗ ಬೈಕ್ ತೆಗೆದು ಮಂಡಿಗೆ ಹೋಗಿ ಗುಮಾಸ್ತರ ಪಕ್ಕ ಸ್ಟೂಲ್ ಹಾಕಿಕೊಂಡು ಕೂರಬಹುದು. ತಂಡ ಹೇಗೂ ಚಿಕ್ಕದು. ಐದು ಮಟ್ಟದ ಮ್ಯಾನೇಜರ್‌ಗಳಿಲ್ಲ, ಯಜಮಾನರು ಹೂಂ ಅಂದರೆ ನಾಳೆಯೇ ಬದಲಾವಣೆ. ಅವರಿಗೆ ಮಂಡಿಯವರ ಮೇಲಿರುವ ವಿಶ್ವಾಸ, ಮಂಡಿಯವರಿಗೆ ಅವರ ಮೇಲಿರುವ ಸಲುಗೆ ಯಾವ ಕೈಪಿಡಿಯಿಂದಲೂ ಸಿಗುವುದಿಲ್ಲ. ಇವನ್ನೆಲ್ಲ ಹಳೇಕಾಲದ್ದು ಅಂತ ಬದಿಗೆ ತಳ್ಳಿ, ಸುಮ್ನೆ ಬೇರೆ ಕಂಪನಿಯ ಬೋರ್ಡನ್ನು ನಕಲು ಮಾಡುವುದು ನಷ್ಟದ ಬಾಬ್ತು.

## ಎಲ್ಲಿಂದ ಶುರು ಮಾಡುತ್ತಾರೆ

ಕಾನ್ಬಾನ್ ಅನ್ನು ಸಾಫ್ಟ್‌ವೇರ್ ಕೆಲಸಕ್ಕೆ ಹೊಂದಿಸಿದ ಡೇವಿಡ್ ಆಂಡರ್‌ಸನ್ ಅವರ ಮೊದಲ ನಿಯಮ, ಈಗ ಮಾಡುತ್ತಿರುವುದರಿಂದಲೇ ಶುರು ಮಾಡಿ. ಈಗಿರುವ ಹುದ್ದೆ, ಜವಾಬ್ದಾರಿಗಳನ್ನು ಆರಂಭದಲ್ಲಿ ಗೌರವಿಸಿ. ಯಾರ ಕುರ್ಚಿಯನ್ನೂ ಅಲುಗಾಡಿಸಬೇಕಿಲ್ಲ. ಹಾಗಾಗಿ ಮೇಲು-ಕೆಳಗು ಗಟ್ಟಿಯಾಗಿರುವ ಕಡೆ ಇದು ಸ್ಕ್ರಮ್‌ಗಿಂತ ಕಡಿಮೆ ಗಲಾಟೆಯ ದಾರಿ. ಸ್ಕ್ರಮ್ ಬರುವಾಗಲೇ ಹೊಸ ಹುದ್ದೆ, ಹೊಸ ಮೀಟಿಂಗ್ ಹೊತ್ತು ತರುತ್ತದೆ.

ನಮ್ಮ ಊಹೆಯ ಆಫೀಸಿನಲ್ಲಿ ಇದು ಹೇಗೆ ನಡೆಯಬಹುದು? ಗೋಡೆಗೆ ಬೋರ್ಡು ಹಾಕಿ, ಈಗ ಯಾರ ಕೈಯಲ್ಲಿ ಏನಿದೆ ಅಂತ ಚೀಟಿ ಅಂಟಿಸುತ್ತಾರೆ. ಯಜಮಾನರ ರಾತ್ರಿ ಫೋನಿನ ಕೆಲಸಕ್ಕೂ ಒಂದು ಚೀಟಿ, ಕೆಂಪು ಬಣ್ಣದ್ದು. ಫೋನ್ ಮಾಡಬೇಡಿ ಅಂತ ಯಾರೂ ಹೇಳಬೇಕಾಗಿಲ್ಲ. ಕೆಂಪು ಚೀಟಿ ಬಂದಾಗಲೆಲ್ಲ ಯಾವ ಕೆಲಸ ಹಿಂದೆ ಸರಿಯಿತು ಅಂತ ಅವರ ಕಣ್ಣಿಗೇ ಕಾಣುತ್ತದೆ. ಅವರು ವ್ಯಾಪಾರಸ್ಥರು, ಲೆಕ್ಕ ಬೇಗ ಹಿಡಿಯುತ್ತಾ‌ರೆ. ಆಮೇಲೆ 'ನಡೀತಿದೆ' ಸಾಲಿಗೆ ಮಿತಿ ಹಾಕಬಹುದು.

ಸ್ಟ್ಯಾಂಡಪ್‌ಗೆ ಯಜಮಾನರು ಬರುವುದೇ ಆದರೆ ಕೊನೆಗೆ ಮಾತಾಡಬೇಕು, ಇಲ್ಲಾಂದ್ರೆ ವಾರಕ್ಕೊಮ್ಮೆ ಬಂದರೆ ಸಾಕು. ರೆಟ್ರೊದಲ್ಲಿ ಬಾಯಲ್ಲಿ ಹೇಳುವ ಬದಲು ಹೆಸರಿಲ್ಲದ ಚೀಟಿಯಲ್ಲಿ ಬರೆದು ಡಬ್ಬಿಗೆ ಹಾಕುವುದು ಹಲವು ತಂಡಗಳಲ್ಲಿರುವ ಉಪಾಯ. ಎದುರು ಮಾತಾಡಿದ ಹಾಗೂ ಆಗಲ್ಲ, ವಿಷಯವೂ ಹೊರಬರುತ್ತದೆ. ಬಂದ ದೂರುಗಳಲ್ಲಿ ಒಂದನ್ನಾದರೂ ಮುಂದಿನ ಎರಡು ವಾರದಲ್ಲಿ ಸರಿಮಾಡಿ ತೋರಿಸಬೇಕು, ಇಲ್ಲದಿದ್ದರೆ ಮುಂದಿನ ಸಲ ಡಬ್ಬಿಯಲ್ಲಿ ಎಸಿ ವಿಷಯ ಮಾತ್ರ ಸಿಗುತ್ತದೆ.

ಟೆಂಡರ್ ಕೆಲಸಕ್ಕೆ ಎರಡೂ ಬೆರೆಸುತ್ತಾರೆ. ಹೊರಗಡೆ ದಾಖಲೆ, ತಾರೀಖು, ಬಿಲ್ಲು ಹಳೇ ಕ್ರಮದಲ್ಲೇ. ಒಳಗಡೆ ಎರಡು ವಾರಕ್ಕೊಮ್ಮೆ ಮಾಡಿ ನೋಡುವ ಕ್ರಮ. ಶುದ್ಧ ಅಜೈಲ್ ಅನ್ನುವವರಿಗೆ ಇದು ಹಿಡಿಸಲ್ಲ, ಆದರೆ ಬಿಲ್ಲು ಪಾಸಾಗಬೇಕಲ್ಲ.

## ಎಲ್ಲಿ ಬೇಡ

ಮಾಡಬೇಕಾದ್ದು ಮೊದಲೇ ಸ್ಪಷ್ಟ ಗೊತ್ತಿದ್ದು, ನಡುವೆ ಬದಲಾಗದ ಕೆಲಸಕ್ಕೆ ಇಷ್ಟೆಲ್ಲ ಮೀಟಿಂಗ್ ದಂಡ. ತಿಂಗಳ ಸಂಬಳದ ಲೆಕ್ಕ, ಜಿಎಸ್‌ಟಿ ರಿಟರ್ನ್ ಹಾಕುವುದು, ಒಂದೇ ಥರದ ಪ್ರಿಂಟರ್ ಇಪ್ಪತ್ತು ಮಂಡಿಗೆ ಕೂರಿಸುವುದು, ಇವಕ್ಕೆಲ್ಲ ಒಂದು ಚೆಕ್‌ಲಿಸ್ಟ್ ಸಾಕು. ಗಿರಾಕಿ ಎರಡು ವಾರಕ್ಕೊಮ್ಮೆ ಬಂದು ನೋಡಲು ತಯಾರಿಲ್ಲ ಅಂದರೂ ಕಷ್ಟವೇ, ತೋರಿಸುವುದು ಯಾರಿಗೆ?

## ಕೆಲಸಕ್ಕೆ ಸೇರುವವರು ಕೇಳಬಹುದಾದ್ದು

ಇಂಟರ್‌ವ್ಯೂನಲ್ಲಿ 'ನಿಮಗೆ ಏನಾದರೂ ಕೇಳಬೇಕಾ' ಅಂದಾಗ ಬಹಳ ಜನ ಇಲ್ಲ ಸಾರ್ ಅನ್ನುತ್ತಾರೆ. 'ನೀವು ಅಜೈಲಾ?' ಅಂತ ಕೇಳಿದರೆ ಎಲ್ಲರೂ ಹೌದು ಅನ್ನುತ್ತಾರೆ, ಅದರಿಂದ ಏನೂ ತಿಳಿಯಲ್ಲ. ಬದಲಿಗೆ, ಎರಡು ವಾರದ ನಡುವೆ ಹೊಸ ಕೆಲಸ ಬಂದರೆ ಯಾರು ತೀರ್ಮಾನ ಮಾಡುತ್ತಾರೆ ಅಂತ ಕೇಳಿ. ಕಳೆದ ರೆಟ್ರೊ ಆದ ಮೇಲೆ ಬದಲಾದ ಒಂದು ವಿಷಯ ಹೇಳಿ ಅಂತ ಕೇಳಿ. ನಾನು ಮಾಡಿದ್ದನ್ನು ಬಳಸುವವರನ್ನು ನಾನು ಭೇಟಿ ಮಾಡಬಹುದಾ ಅಂತಲೂ ಕೇಳಬಹುದು. ಉತ್ತರದಲ್ಲಿ ನಿಜವಾದ ಒಂದು ಘಟನೆ ಇದ್ದರೆ ಪದ್ಧತಿ ಅಲ್ಲಿ ಬೇರು ಬಿಟ್ಟಿದೆ ಅಂತ ಅಂದಾಜು ಮಾಡಬಹುದು. ಸ್ಪ್ರಿಂಟು, ಸ್ಕ್ರಮ್ಮು ಅಂತ ಪದಗಳಷ್ಟೇ ಬಂದರೆ, ಸೇರುವ ಮುಂಚೆ ಅಲ್ಲೇ ಕೆಲಸ ಮಾಡುವ ನಿಮ್ಮ ಕಾಲೇಜಿನ ಸೀನಿಯರ್ ಒಬ್ಬರಿಗೆ ಫೋನ್ ಮಾಡಿ ವಿಚಾರಿಸಿ.